ವೈದ್ಯರಾಜ ಇಬ್ನ್ ಸೀನಾ ಮತ್ತು ಹೃದಯಕ್ಕೆ ಹಿತವಾದ ಪರಿಮಳಗಳು

ಪರೀಕ್ಷೆಯ ದಿನಗಳು ಸಮೀಪಿಸಿದಂತೆ ನಮ್ಮ ವಿದ್ಯಾರ್ಥಿ ನಿಲಯದಲ್ಲಿ ಒಂದು ಹೊಸ ವಾಸನೆ ಹರಡುತ್ತದೆ. ಅಮೃತಾಂಜನದ ವಾಸನೆಯು ಹಳೆಯದು. ಇದು ಲ್ಯಾವೆಂಡರ್ ಎಣ್ಣೆಯದು. ಕರವಸ್ತ್ರಕ್ಕೆ ಎರಡು ಹನಿ ಹಾಕಿಕೊಂಡು ಮೂಸಿದರೆ ಎದೆಯ ನಡುಕವು ಇಳಿಯುವುದೆಂದು ಗೆಳೆಯರ ನಂಬಿಕೆ. ಈ ಚಿಕಿತ್ಸೆಗೆ ಅರೋಮಾಥೆರಪಿ ಎಂದು ಹೆಸರು. ಹೆಸರೇನೋ ಹೊಸದೇ, ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಾಟ್‌ಫೋಸೆಯು 1937ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಚಾರಕ್ಕೆ ಬಂದುದು. ಆದರೆ ಭಯ, ದುಃಖ, ಚಿಂತೆಗಳನ್ನು ದೇಹದ ವ್ಯಾಧಿಗಳ ಸಾಲಿನಲ್ಲಿಯೇ ನಿಲ್ಲಿಸಿ, ಪರಿಮಳದ್ರವ್ಯಗಳನ್ನು ಅವಕ್ಕೆ ಔಷಧವೆಂದು ಕ್ರಮವಾಗಿ ವಿಚಾರಿಸಿ ಗ್ರಂಥ ಬರೆದ ಮಹನೀಯನೊಬ್ಬನು ಸಾವಿರ ವರ್ಷಗಳ ಹಿಂದೆಯೇ ಆಗಿಹೋದನು. ಆತನೇ ಇಬ್ನ್ ಸೀನಾ. ಐರೋಪ್ಯರು ಅವನನ್ನು ಅವಿಸೆನ್ನ ಎಂದು ಕರೆದರು.

ಅವನು ಹುಟ್ಟಿದುದು 980ರಲ್ಲಿ, ಬುಖಾರಾ ನಗರದ ಬಳಿಯ ಅಫ್ಶಾನಾ ಎಂಬ ಹಳ್ಳಿಯಲ್ಲಿ. ಆ ಪ್ರದೇಶವು ಈಗ ಉಜ್ಬೇಕಿಸ್ತಾನಕ್ಕೆ ಸೇರಿದೆ. ತಂದೆ ಸಾಮಾನೀ ಅರಸರ ಅಧಿಕಾರಿ. ತಾಯಿಯ ಹೆಸರು ಸಿತಾರಾ. ಹತ್ತು ವರ್ಷ ತುಂಬುವಷ್ಟರಲ್ಲಿ ಬಾಲಕನು ಕುರಾನನ್ನು ಕಲಿತು ಮುಗಿಸಿದ್ದನು. ನಮಗೆ ಹೆಮ್ಮೆಯೆನಿಸುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು: ಅವನು ಭಾರತೀಯ ಅಂಕಗಣಿತವನ್ನು ಕಲಿತದ್ದು ಯಾವ ಪಂಡಿತನಿಂದಲೂ ಅಲ್ಲ, ಊರಿನ ತರಕಾರಿ ವ್ಯಾಪಾರಿಯೊಬ್ಬನಿಂದ. ಮುಂದೆ ತರ್ಕ, ಜ್ಯಾಮಿತಿ, ಖಗೋಳಗಳನ್ನು ಓದಿ ಗುರುವನ್ನೇ ಮೀರಿಸಿದನು. ವೈದ್ಯಶಾಸ್ತ್ರವು ಅವನಿಗೆ ಕಷ್ಟವೆನಿಸಲೇ ಇಲ್ಲವಂತೆ. ಹದಿನಾರನೆಯ ವಯಸ್ಸಿಗೆ ಹಿರಿಯ ವೈದ್ಯರೂ ಅವನ ಬಳಿ ಓದಲು ಬರುತ್ತಿದ್ದರು. ಆದರೆ ಅರಿಸ್ಟಾಟಲನ ತತ್ತ್ವಗ್ರಂಥವೊಂದನ್ನು ನಲವತ್ತು ಸಲ ಓದಿದರೂ ಅರ್ಥವಾಗದೆ ಕಂಗೆಟ್ಟನು. ಕೊನೆಗೆ ಪುಸ್ತಕದ ಪೇಟೆಯಲ್ಲಿ ಮೂರು ದಿರ್ಹಮಿಗೆ ಕೊಂಡ ಫಾರಾಬಿಯ ವ್ಯಾಖ್ಯಾನವು ಕಣ್ಣು ತೆರೆಸಿತು. ಮರುದಿನವೇ ಸಂತೋಷದಿಂದ ಬಡವರಿಗೆ ದಾನ ಮಾಡಿದನು. ಗೈಡುಗಳನ್ನು ಹಳಿಯುವ ಅಧ್ಯಾಪಕರು ಈ ಪ್ರಸಂಗವನ್ನು ದಯವಿಟ್ಟು ಗಮನಿಸಬೇಕು!

ಅರಸ ನೂಹ್‌ನ ಕಾಯಿಲೆಗೆ ಚಿಕಿತ್ಸೆ ಮಾಡಲು ಕರೆಬಂದಾಗ ಅವನಿಗೆ ಇನ್ನೂ ಮೀಸೆ ಮೂಡುವ ವಯಸ್ಸು. ಅದಾದ ಮೇಲೆ ಬೇಡಿದ್ದು ಒಂದೇ, ಅರಮನೆಯ ಪುಸ್ತಕ ಭಂಡಾರವನ್ನು ನೋಡಲು ಅನುಮತಿ. ಆದರೆ ಆ ನೆಮ್ಮದಿಯು ಬಹುಕಾಲ ಬಾಳಲಿಲ್ಲ. 999ರಲ್ಲಿ ಸಾಮಾನೀ ರಾಜ್ಯ ಕುಸಿಯಿತು, ತಂದೆ ತೀರಿಕೊಂಡನು. ಅಲ್ಲಿಂದ ಮುಂದೆ ಅವನ ಬಾಳೆಲ್ಲ ಊರಿಂದೂರಿಗೆ ಅಲೆದಾಟವೇ. ಖ್ವಾರಜಂ ಪ್ರಾಂತದಲ್ಲಿದ್ದಾಗ ಕ್ಷಯರೋಗಿಣಿಯೊಬ್ಬಳಿಗೆ ಬೇರಾವ ಔಷಧವನ್ನೂ ಕೊಡದೆ ಬರಿಯ ಗುಲ್ಕಂದನ್ನೇ ತಿನ್ನಿಸಿದನೆಂದೂ, ನೂರು ಮಣದಷ್ಟು ತಿಂದು ಅವಳು ಗುಣಹೊಂದಿದಳೆಂದೂ ಶಿಷ್ಯ ಜೂಜಜಾನಿ ಬರೆದಿದ್ದಾನೆ. ಕ್ಷಯವು ರೋಗಾಣುವಿನಿಂದ ಬರುತ್ತದೆಂದು 1882ರಲ್ಲಿ ಕಾಖ್‌ನು ತೋರಿಸಿಕೊಟ್ಟ ಮೇಲೆ ಇದನ್ನು ಇದ್ದಂತೆಯೇ ನಂಬುವುದು ಕಷ್ಟ. ಆದರೆ ಗುಲಾಬಿಯ ಮೇಲೆ ಅವನಿಗಿದ್ದ ಭರವಸೆಯು ಇದರಿಂದ ತಿಳಿಯುತ್ತದೆ.

ಮನಸ್ಸಿನ ಬೇನೆಯು ಅವನಿಗೆ ನಿಜವಾಗಿ ಎದುರಾದುದು ರಯ್ ನಗರದಲ್ಲಿ. ಅಲ್ಲಿನ ಯುವರಾಜ ಮಜ್ದುದ್ದೌಲನು ವಿಷಾದರೋಗದಿಂದ ಬಳಲುತ್ತಿದ್ದನು. ಇಬ್ನ್ ಸೀನಾ ಅವನ ಚಿಕಿತ್ಸೆಗೆ ನಿಂತನು. ಅವನ ಮಹಾಗ್ರಂಥ ಕಾನೂನ್‌ನಲ್ಲಿ ಪ್ರೇಮರೋಗವನ್ನು ಕುರಿತು ಒಂದು ಪ್ರಕರಣವೇ ಇದೆ. ರೋಗಿಯ ನಾಡಿಯನ್ನು ಹಿಡಿದು ಬೀದಿಗಳ, ಮನೆಗಳ, ವ್ಯಕ್ತಿಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಹೋದರೆ, ಯಾವ ಹೆಸರಿಗೆ ನಾಡಿ ತಡವರಿಸುವುದೋ ಅಲ್ಲಿ ಬೇನೆಯ ಮೂಲವಿರುವುದೆಂದು ಅವನು ತೋರಿಸಿದನು. ಮನಸ್ಸಿನ ಮಾತನ್ನು ಮೈಯು ಮುಚ್ಚಿಡಲಾರದು ಎಂಬುದೇ ಅವನ ಚಿಕಿತ್ಸೆಯ ತಳಹದಿ.

ರಯ್‌ನಿಂದ ಹೊರಟು ಹಮದಾನ್ ನಗರಕ್ಕೆ ಬಂದ ಹೊಸದರಲ್ಲಿ, ಸುಮಾರು 1015ರ ಹೊತ್ತಿಗೆ, ಹೃದಯೌಷಧಗಳನ್ನು ಕುರಿತ ಕಿರುಗ್ರಂಥವನ್ನು ರಚಿಸಿದನು. ನಮ್ಮ ವಿಷಯಕ್ಕೆ ಜೀವಾಳವಾದ ಗ್ರಂಥವಿದು. ಹೃದಯದಲ್ಲಿ ಒಂದು ಸೂಕ್ಷ್ಮವಾದ ಪ್ರಾಣವಾಯುವು ಹುಟ್ಟಿ ದೇಹವನ್ನೆಲ್ಲ ವ್ಯಾಪಿಸುವುದೆಂದು ಅವನ ಮತ. ಅರಬ್ಬಿಯಲ್ಲಿ ಅದಕ್ಕೆ ರೂಹ್ ಎಂದು ಹೆಸರು. ಅದು ಹೇರಳವಾಗಿ, ಸಮಸ್ಥಿತಿಯಲ್ಲಿ, ಪ್ರಕಾಶಮಾನವಾಗಿ ಇದ್ದರೆ ಮನುಷ್ಯನು ಅಲ್ಪಕಾರಣಕ್ಕೂ ಹಿಗ್ಗುವನು; ಕ್ಷೀಣಿಸಿ ಕದಡಿದರೆ ಅಲ್ಪಕಾರಣಕ್ಕೂ ಕುಗ್ಗುವನು. ಮತ್ತೆ ಮತ್ತೆ ದುಃಖಪಡುವವನಿಗೆ ದುಃಖವೇ ಸುಲಭವಾಗುತ್ತದೆ, ಸಂತೋಷವೂ ಹಾಗೆಯೇ ಎಂಬುದನ್ನೂ ಅವನು ಗುರುತಿಸಿದ್ದನು. ಪರಿಮಳವು ಆವಿಯ ರೂಪದ್ದಾದ್ದರಿಂದ ಈ ಪ್ರಾಣವಾಯುವಿಗೆ ಬಂಧು. ಬೇಗನೆ ಅದನ್ನು ಸೇರಿ ಪೋಷಿಸುತ್ತದೆ. ಆದ್ದರಿಂದಲೇ ಕಸ್ತೂರಿ, ಅಂಬರ್, ಕೇಸರಿ, ಅಗರು, ಗುಲಾಬಿ, ಕರ್ಪೂರ, ನಮಗೆ ಚಿರಪರಿಚಿತವಾದ ಶ್ರೀಗಂಧ, ಇವೆಲ್ಲ ಅವನ ಪಟ್ಟಿಯಲ್ಲಿವೆ. ನಿಂಬೆಯ ವಾಸನೆಯುಳ್ಳ ಬಾದ್ರಂಜ್‌ಬೂಯಾ ಎಂಬ ಸೊಪ್ಪನ್ನು ಹೃದಯೋಲ್ಲಾಸಕ್ಕಾಗಿ ವಿಶೇಷವಾಗಿ ಹೊಗಳಿದ್ದಾನೆ. ಆದರೆ ಎಲ್ಲರಿಗೂ ಒಂದೇ ಸೀಸೆಯಲ್ಲ. ಉಷ್ಣಪ್ರಕೃತಿಯವನಿಗೆ ಗಂಧ, ಕರ್ಪೂರ, ಗುಲಾಬಿಗಳ ತಂಪು. ಶೀತಪ್ರಕೃತಿಯವನಿಗೆ ಕಸ್ತೂರಿ, ಅಂಬರ್‌ಗಳ ಕಾವು. ಈ ಗ್ರಂಥವು ಸುಮಾರು 1300ರ ಹೊತ್ತಿಗೆ ಲ್ಯಾಟಿನ್ ಭಾಷೆಗೂ ಹೋಯಿತು. ಕಾನೂನ್ ಗ್ರಂಥವು ಯುನಾನಿ ವೈದ್ಯಪದ್ಧತಿಗೆ ಇಂದಿಗೂ ಆಧಾರ. 1984ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲಿ ಕಲಿಸುವುದು ಈ ಪದ್ಧತಿಯನ್ನೇ.

ಗುಲಾಬಿಯನ್ನು ಭಟ್ಟಿಯಿಳಿಸುವ ವಿದ್ಯೆಯನ್ನು ಕಂಡುಹಿಡಿದವನೇ ಇಬ್ನ್ ಸೀನಾ ಎಂದು ಸುಗಂಧ ಚಿಕಿತ್ಸೆಯ ಜನಪ್ರಿಯ ಪುಸ್ತಕಗಳು ಸಾರುತ್ತವೆ. ಇದು ಸರಿಯಲ್ಲ. ಅವನಿಗಿಂತ ಒಂದು ಶತಮಾನಕ್ಕೂ ಹಿಂದೆ ಬದುಕಿದ್ದ ಅಲ್-ಕಿಂದಿಯ ಹೆಸರಿನ ಸುಗಂಧಗ್ರಂಥದಲ್ಲಿಯೇ ಭಟ್ಟಿಯ ವಿಧಾನಗಳಿವೆ. ದೊಡ್ಡವನಿಗೆ ಇಲ್ಲದ ಕಿರೀಟವನ್ನು ತೊಡಿಸಿದರೆ ಇದ್ದ ಕಿರೀಟವೂ ವಾರೆಯಾಗಿ ಕಾಣುತ್ತದೆ.

ಇದ್ದ ಕಿರೀಟವಾವುದೆಂದರೆ, ಔಷಧವನ್ನು ಪರೀಕ್ಷಿಸಲು ಕಾನೂನ್‌ನಲ್ಲಿ ಅವನು ವಿಧಿಸಿದ ಏಳು ನಿಯಮಗಳು. ಔಷಧದಲ್ಲಿ ಹೊರಗಿನ ಗುಣ ಬೆರೆತಿರಬಾರದು. ಒಂದೇ ರೋಗವುಳ್ಳವನ ಮೇಲೆ ನೋಡಬೇಕು. ಪರಿಣಾಮವು ಒಮ್ಮೆ ಕಂಡರೆ ಸಾಲದು, ಸದಾ ಅಥವಾ ಬಹುಬಾರಿ ಕಾಣಬೇಕು. ಮನುಷ್ಯನ ಮೇಲೆಯೇ ಪರೀಕ್ಷಿಸಬೇಕು, ಸಿಂಹಕ್ಕೋ ಕುದುರೆಗೋ ಕೊಟ್ಟು ನೋಡಿದ್ದು ಮನುಷ್ಯನಿಗೆ ಅನ್ವಯಿಸದೆ ಹೋಗಬಹುದು. ಈ ನಿಯಮಗಳನ್ನು ನಮ್ಮ ಲ್ಯಾವೆಂಡರ್ ಸೀಸೆಗೇ ಹಚ್ಚಿ ನೋಡೋಣ. ಹೃದಯದ ಪ್ರಾಣವಾಯುವನ್ನು ಇಂದಿನ ವಿಜ್ಞಾನವು ಒಪ್ಪುವುದಿಲ್ಲ. ಆದರೆ ಇತರ ಇಂದ್ರಿಯಗಳ ಸಂದೇಶವು ಮಿದುಳಿನಲ್ಲಿ ಥಲಾಮಸ್ ಎಂಬ ಸುಂಕದಕಟ್ಟೆಯನ್ನು ಮೊದಲು ಹಾಯಬೇಕಾದರೆ, ವಾಸನೆಯು ಅದನ್ನು ತಪ್ಪಿಸಿ ಭಯದ ನೆಲೆಯಾದ ಅಮಿಗ್ಡಲಕ್ಕೆ ನೇರವಾಗಿ ತಲುಪುತ್ತದೆ ಎಂಬುದು ಗೊತ್ತಾಗಿದೆ. ಲ್ಯಾವೆಂಡರಿನಲ್ಲಿರುವ ಲಿನಲೂಲ್ ಎಂಬ ಪದಾರ್ಥದ ವಾಸನೆಯಿಂದ ಇಲಿಗಳ ಆತಂಕವು ತಗ್ಗಿತೆಂದೂ, ಘ್ರಾಣಶಕ್ತಿಯಿಲ್ಲದ ಇಲಿಗಳಲ್ಲಿ ಹಾಗಾಗಲಿಲ್ಲವೆಂದೂ 2018ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದರು. ಇಲಿಯಾದರೂ ಸಿಂಹ, ಕುದುರೆಗಳ ಸಾಲಿನದೇ ತಾನೆ? ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಅಷ್ಟಿಷ್ಟು ಉಪಶಮನ ಕಂಡಿದ್ದರೂ ಬಹಳಷ್ಟು ಪರೀಕ್ಷೆಗಳು ಚಿಕ್ಕವು. ಮೇಲಾಗಿ ವಾಸನೆಯನ್ನು ಬಚ್ಚಿಡಲಾಗದು. ಎಣ್ಣೆಯ ಗುಣವೆಷ್ಟು, ಮೂಸುವವನ ನಂಬಿಕೆಯೆಷ್ಟು ಎಂದು ಬೇರ್ಪಡಿಸುವುದು ಕಠಿಣ. ಆದ್ದರಿಂದ ಮೂಸುವ ಗೆಳೆಯರನ್ನು ನಾನು ಹಾಸ್ಯಮಾಡಲಾರೆ, ಮೂಸಿದರೆ ಸಾಕು ಎನ್ನಲೂ ಆರೆ. ಆ ಎಣ್ಣೆಯನ್ನು ಕುಡಿಯಬಾರದೆಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ.

ಉಲ್ಲಾಸದ ಶಾಸ್ತ್ರವನ್ನು ಬರೆದವನ ಬಾಳು ಹೇಗಿತ್ತು? ಹಮದಾನಿನ ದೊರೆ ಶಂಸುದ್ದೌಲನ ಹೊಟ್ಟೆಶೂಲೆಯನ್ನು ವಾಸಿಮಾಡಿ ಅವನು ಮಂತ್ರಿಯಾದನು. ಸೈನಿಕರು ದಂಗೆಯೆದ್ದು ಮನೆಯನ್ನು ಸೂರೆಮಾಡಿ ಅವನ ತಲೆಯನ್ನೇ ಕೇಳಿದರು. ನಲವತ್ತು ದಿನ ಮಿತ್ರನ ಮನೆಯಲ್ಲಿ ಅಡಗಿದ್ದನು. ದೊರೆಗೆ ಶೂಲೆ ಮರುಕಳಿಸಿತು. ಮತ್ತೆ ಕರೆದು ಕ್ಷಮೆ ಬೇಡಿ ಮಂತ್ರಿಪದವಿಯನ್ನೇ ಕೊಟ್ಟರು! ಹಗಲೆಲ್ಲ ರಾಜಕಾರ್ಯ, ರಾತ್ರಿ ಶಿಷ್ಯರಿಗೆ ಪಾಠ, ಪಾಠದ ಅನಂತರ ಸಂಗೀತ, ಮದ್ಯ. 1021ರಲ್ಲಿ ಆ ದೊರೆ ಸತ್ತ ಮೇಲೆ, ಇಸ್ಫಹಾನಿನ ಅರಸನಿಗೆ ಗುಟ್ಟಾಗಿ ಪತ್ರ ಬರೆದನೆಂಬ ಕಾರಣಕ್ಕೆ ಫರ್ದಜಾನ್ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆಯಲ್ಲಿದ್ದನು. ಸೆರೆಯಲ್ಲಿಯೂ ಲೇಖನಿಯನ್ನು ಕೆಳಗಿಡಲಿಲ್ಲ. ಅಲ್ಲಿ ಬರೆದ ಗ್ರಂಥಗಳಲ್ಲಿ ಹೊಟ್ಟೆಶೂಲೆಯನ್ನು ಕುರಿತದ್ದೂ ಒಂದು. ಕೊನೆಗೆ ತಮ್ಮನೊಡನೆ, ಶಿಷ್ಯನೊಡನೆ ಸೂಫಿಗಳ ವೇಷ ತೊಟ್ಟು ಇಸ್ಫಹಾನಿಗೆ ಪಾರಾದನು.

ಅಲ್ಲಿ ಗೌರವ ದೊರೆಯಿತು, ವಿಶ್ರಾಂತಿ ದೊರೆಯಲಿಲ್ಲ. ಅರಸನೊಡನೆ ದಂಡಯಾತ್ರೆಗೂ ಹೋಗಬೇಕು. ಅಂಥದೊಂದು ಯಾತ್ರೆಯ ನಡುವೆ ಆ ಹೊಟ್ಟೆಶೂಲೆಯೇ ಅವನನ್ನೂ ಹಿಡಿಯಿತು. ಸೈನ್ಯದಿಂದ ಹಿಂದೆ ಬೀಳುವ ಭಯದಿಂದ ಒಂದೇ ದಿನದಲ್ಲಿ ಎಂಟು ಸಲ ಬಸ್ತಿ ಮಾಡಿಕೊಂಡು ಕರುಳನ್ನು ಹುಣ್ಣಾಗಿಸಿಕೊಂಡನು. ಔಷಧಕ್ಕೆ ಹಾಕಬೇಕಾದ ಅಜಮೋದದ ಬೀಜವನ್ನು ಸಹಾಯಕ ವೈದ್ಯನೊಬ್ಬನು ಅಳತೆಮೀರಿ ಹಾಕಿದನು; ಹಣ ಕದ್ದು ಹೆದರಿದ್ದ ಸೇವಕರು ಅಫೀಮನ್ನು ಹೆಚ್ಚಾಗಿ ಬೆರೆಸಿದರು. ಸ್ವಲ್ಪ ಚೇತರಿಸಿಕೊಂಡರೂ ಪಥ್ಯವನ್ನು ಪಾಲಿಸಲಿಲ್ಲ. ಶಿಷ್ಯನು ಇದಾವುದನ್ನೂ ಮರೆಮಾಚದೆ ಬರೆದಿಟ್ಟಿದ್ದಾನೆ. ಮತ್ತೆ ಹಮದಾನಿಗೆ ಹೊರಟಾಗ ದಾರಿಯಲ್ಲಿ ರೋಗವು ಉಲ್ಬಣಿಸಿತು. ದೇಹವನ್ನು ಆಳುವ ಶಕ್ತಿಯೇ ಸೋತಿದೆ, ಇನ್ನು ಔಷಧದಿಂದ ಫಲವಿಲ್ಲವೆಂದು ಅರಿತು ಚಿಕಿತ್ಸೆಯನ್ನು ತಾನೇ ನಿಲ್ಲಿಸಿದನು. ಕೆಲವು ದಿನಗಳು ಹಾಗೆಯೇ ಕಳೆದು, 1037ರಲ್ಲಿ ಕಣ್ಣುಮುಚ್ಚಿದನು. ಪರಿಮಳಗಳನ್ನು ಕುರಿತು ಬರೆದ ಆ ಹಮದಾನಿನಲ್ಲಿಯೇ ಅವನ ಸಮಾಧಿಯಿದೆ.