ಜೋಸೆಫ್ ಜೆ. ಮಿಕ್ಲಿ

ಜೋಸೆಫ್ ಜೇಕಬ್ ಮಿಕ್ಲಿ (1799–1878) ಅವರು ಅಮೆರಿಕದ ಫಿಲಡೆಲ್ಫಿಯಾ ನಗರದ ವಾದ್ಯ ತಯಾರಕರು. ಅಮೆರಿಕದ ಆರಂಭಕಾಲದ ನಾಣ್ಯಗಳನ್ನು ಕ್ರಮಬದ್ಧವಾಗಿ ಸಂಗ್ರಹಿಸಿದ ಮೊದಲಿಗರಲ್ಲಿ ಒಬ್ಬರೆಂದು ಇವರು ಪ್ರಸಿದ್ಧರು.

ವೃತ್ತಿ

ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಜನಿಸಿದ ಮಿಕ್ಲಿಯವರು ಪಿಯಾನೊ ತಯಾರಿಕೆಯನ್ನು ಕಲಿತು ಫಿಲಡೆಲ್ಫಿಯಾದಲ್ಲಿ ನೆಲೆಸಿದರು. ಪಿಟೀಲುಗಳ ದುರಸ್ತಿಯಲ್ಲಿ ಅವರಿಗೆ ವಿಶೇಷ ಪರಿಣತಿಯಿದ್ದಿತು. ನಾರ್ವೆಯ ಖ್ಯಾತ ವಾದಕ ಓಲೆ ಬುಲ್ ಅವರ ಪಿಟೀಲನ್ನೂ ಸರಿಪಡಿಸಿಕೊಟ್ಟಿದ್ದರು.

ನಾಣ್ಯ ಸಂಗ್ರಹ

ತಾವು ಹುಟ್ಟಿದ ವರ್ಷದ ತಾಮ್ರದ ಸೆಂಟ್ ಒಂದನ್ನು ಹುಡುಕತೊಡಗಿದಾಗ, 1799ರ ಸೆಂಟ್ ಬಹು ವಿರಳವೆಂಬುದು ಅವರಿಗೆ ತಿಳಿಯಿತು. ಆ ಹುಡುಕಾಟವೇ ಹವ್ಯಾಸವಾಗಿ ಬೆಳೆದು ಬೆಳ್ಳಿಯ ನಾಣ್ಯಗಳಿಗೂ ವ್ಯಾಪಿಸಿತು. 1827ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಗೆ ಹೋಗಿ, ಒಂದು ಡಾಲರ್ ಕೊಟ್ಟು, ಆ ವರ್ಷದ ನಾಲ್ಕು ಕಾಲು ಡಾಲರ್ ನಾಣ್ಯಗಳನ್ನು ಪಡೆದರೆಂಬ ಪ್ರತೀತಿ ಸಂಗ್ರಾಹಕರಲ್ಲಿದೆ. ಇಂದು ಅವು ಅತಿ ವಿರಳ ನಾಣ್ಯಗಳ ಸಾಲಿಗೆ ಸೇರಿವೆ. 1804ರ ಇಸವಿಯನ್ನು ಹೊತ್ತಿದ್ದರೂ ವಾಸ್ತವವಾಗಿ 1830ರ ದಶಕದಲ್ಲಿ ಟಂಕಿಸಲಾದ ಪ್ರಖ್ಯಾತ ಬೆಳ್ಳಿ ಡಾಲರೂ ಅವರಲ್ಲಿತ್ತು. 1858ರಲ್ಲಿ ಸ್ಥಾಪನೆಯಾದ ಫಿಲಡೆಲ್ಫಿಯಾದ ನಾಣ್ಯಶಾಸ್ತ್ರ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರು.

ಕಳವು ಮತ್ತು ಕೊನೆಯ ವರ್ಷಗಳು

1867ರ ಏಪ್ರಿಲ್ 13ರಂದು ಅವರ ಮನೆಯಲ್ಲಿ ಕಳ್ಳತನವಾಗಿ, ಸುಮಾರು 16,000 ಡಾಲರ್ ಮೌಲ್ಯದ ನಾಣ್ಯಗಳು ಕಳವಾದವು. ಅವುಗಳಲ್ಲಿ ಹೆಚ್ಚಿನವು ವಿದೇಶಿ ನಾಣ್ಯಗಳು. ಅಮೆರಿಕದ ನಾಣ್ಯಗಳು ಬಹುಮಟ್ಟಿಗೆ ಉಳಿದುಕೊಂಡವು. ಆದರೂ ಮಿಕ್ಲಿಯವರು ಉಳಿದ ಸಂಗ್ರಹವನ್ನು ಅದೇ ವರ್ಷ ವ್ಯಾಪಾರಿ ಡಬ್ಲ್ಯೂ. ಎಲಿಯಟ್ ವುಡ್‌ವರ್ಡ್ ಅವರಿಗೆ ಮಾರಿಬಿಟ್ಟರು. ಅನಂತರ ನಡೆದ ಹರಾಜಿನಲ್ಲಿ 1804ರ ಡಾಲರ್ 750 ಡಾಲರ್‌ಗಳಿಗೆ ಮಾರಾಟವಾಯಿತು.

1869ರಿಂದ ಸುಮಾರು ಮೂರು ವರ್ಷ ಅವರು ಯುರೋಪಿನಲ್ಲಿ ಪ್ರವಾಸ ಕೈಗೊಂಡರು. 1878ರ ಫೆಬ್ರವರಿ 15ರಂದು ನಿಧನರಾದರು.