ಗಾಯಕಿ ಮಹೇಲಿಯಾ ಜಾಕ್ಸನಳ ಚರಿತ್ರೆ

ಇಂಪಾದ ಸ್ವರವು ದೇವರ ದಾನವು. ಆದರೆ ಅದನ್ನು ಯಾರ ಸೇವೆಗೆ ಮೀಸಲಿಡಬೇಕೆಂಬದನ್ನು ಹಾಡುವವರೇ ನಿಶ್ಚಯಿಸಬೇಕು. ಈ ವಿಷಯದಲ್ಲಿ ಕಡೇ ವರೆಗೂ ಸ್ಥಿರವಾಗಿ ನಿಂತ ಅಮೇರಿಕದ ಒಬ್ಬ ಸ್ತ್ರೀಯ ಚರಿತ್ರೆಯನ್ನು ನಮ್ಮ ವಾಚಕರಿಗೆ ತಿಳಿಸುತ್ತೇವೆ.

ಮಹೇಲಿಯಾ ಜಾಕ್ಸನಳು 1911ನೇ ಇಸವಿ ಅಕ್ಟೋಬರ್ 26ರಲ್ಲಿ ಅಮೇರಿಕದ ದಕ್ಷಿಣ ಸೀಮೆಯ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಹುಟ್ಟಿದಳು. ಆಕೆಯ ಪೂರ್ವಿಕರು ಬಿಳಿಯರ ತೋಟಗಳಲ್ಲಿ ದಾಸರಾಗಿದ್ದ ಕರಿಯ ಜನರು. ತಾಯಿಯು ಬೇಗನೆ ತೀರಿಹೋದದರಿಂದ ತಾಯಿಯ ಸಹೋದರಿಯು ಆಕೆಯನ್ನು ಬಹು ಕಟ್ಟುನಿಟ್ಟಾಗಿ ಸಾಕಿದಳು. ಬಡತನದ ದೆಸೆಯಿಂದ ಶಾಲೆಯು ತಪ್ಪಿ, ಚಿಕ್ಕಂದಿನಲ್ಲೇ ಪರರ ಬಟ್ಟೆ ಒಗೆಯುವ ಕೆಲಸವು ಪಾಲಿಗೆ ಬಂತು. ಆದರೂ ತಮ್ಮ ಬ್ಯಾಪ್ಟಿಸ್ಟ್ ಸಭೆಯಲ್ಲಿ ಹಾಡುವದನ್ನು ಬಿಡಲಿಲ್ಲ. ನೆರೆಯ ಇನ್ನೊಂದು ಸಭೆಯವರು ವಾದ್ಯತಾಳಗಳೊಡನೆ ಕೈತಟ್ಟಿ ಹಾಡುತ್ತಿದ್ದ ರೀತಿಯು ಆಕೆಯ ಹೃದಯದಲ್ಲಿ ನಾಟಿತು.

ಹದಿನಾರು ಹದಿನೇಳು ವರುಷದವಳಾದಾಗ ಆಕೆ ಶಿಕಾಗೋ ಪಟ್ಟಣಕ್ಕೆ ಹೋಗಿ, ಮನೆಗೆಲಸದಿಂದ ಜೀವಿಸುತ್ತಾ ಗ್ರೇಟರ್ ಸೇಲಮ್ ಸಭೆಯ ಗಾಯಕರೊಡನೆ ಸೇರಿದಳು. ಗಟ್ಟಿಯಾಗಿ ಕೈತಟ್ಟಿ ಹಾಡುವದು ದೇವಾಲಯಕ್ಕೆ ತಕ್ಕದ್ದಲ್ಲವೆಂದು ಕೆಲವು ಬೋಧಕರು ಆಕ್ಷೇಪಿಸಿದರು. ಕೀರ್ತನೆಗಳ ಗ್ರಂಥವೇ ಹಾಗೆ ಸ್ತುತಿಸುವದಕ್ಕೆ ಅಪ್ಪಣೆಕೊಡುತ್ತದೆಂದು ಆಕೆ ಉತ್ತರಕೊಟ್ಟಳು. ಲೌಕಿಕ ಹಾಡುಗಳನ್ನು ಹಾಡಿದರೆ ಬಹಳ ಹಣ ದೊರೆಯುವದೆಂದು ಅನೇಕರು ಆಶೆತೋರಿಸಿದರು. ಮದ್ಯವು ಮಾರಲ್ಪಡುವ ಗಾನಶಾಲೆಗಳಿಗೂ ಕರೆದರು. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿಯೂ ಆಕೆ ಒಪ್ಪಲಿಲ್ಲ. ಹೀಗಿರುವಲ್ಲಿ 1947ರಲ್ಲಿ ಆಕೆ ಹಾಡಿದ ಒಂದು ಭಕ್ತಿಗೀತದ ಗ್ರಾಮಫೋನ್ ತಟ್ಟೆಯು ದೇಶದಲ್ಲೆಲ್ಲಾ ಹಬ್ಬಿತು. 1950ರಲ್ಲಿ ನ್ಯೂಯಾರ್ಕಿನ ಪ್ರಖ್ಯಾತವಾದ ಕಾರ್ನೆಗೀ ಸಭಾಮಂದಿರದಲ್ಲಿ ಹಾಡಿದಳು.

ಕೀರ್ತಿಯು ಬಂದರೂ ವರ್ಣಭೇದದ ನೋವು ತಪ್ಪಲಿಲ್ಲ. ಬಿಳಿಯರ ಕೇರಿಯಲ್ಲಿ ಮನೆಕೊಂಡಾಗ ಕಿಟಕಿಗಳಿಗೆ ಗುಂಡುಹಾರಿಸಿದರು. ಆಕೆ ಆ ಮನೆಯನ್ನು ಬಿಟ್ಟು ಓಡಲಿಲ್ಲ. 1956ರಲ್ಲಿ ಮಾಂಟ್ಗಮರಿ ಪಟ್ಟಣದ ಕರಿಯರು ಅನ್ಯಾಯದ ನಿಮಿತ್ತ ಬಸ್ಸುಗಳನ್ನು ಹತ್ತದೆ ನಡೆದೇ ಹೋಗುತ್ತಿದ್ದಾಗ ಅವರನ್ನು ಧೈರ್ಯಪಡಿಸಲು ಹೋಗಿ ಹಾಡಿದಳು. 1963ನೇ ಆಗಸ್ಟ್ 28ರಲ್ಲಿ ವಾಷಿಂಗ್ಟನ್ ಪಟ್ಟಣದಲ್ಲಿ ಸುಮಾರು 2,50,000 ಜನರು ನ್ಯಾಯವನ್ನು ಕೇಳುವದಕ್ಕಾಗಿ ಕೂಡಿಬಂದಾಗ, ಮಾರ್ಟಿನ್ ಲೂಥರ್ ಕಿಂಗ್ ಬೋಧಕರು ಮಾತಾಡುವದಕ್ಕೆ ಮುಂಚೆ ಅವರ ಕೋರಿಕೆಯ ಮೇರೆಗೆ ಹಾಡಿದಳು. 1968ರಲ್ಲಿ ಅವರು ಕೊಲ್ಲಲ್ಪಟ್ಟಾಗ ಅವರ ಉತ್ತರಕ್ರಿಯೆಯಲ್ಲಿಯೂ ಆಕೆಯೇ ಹಾಡಬೇಕಾಯಿತು.

ದೇಹವು ಬಹಳ ಕುಂದಿದ್ದರೂ 1971ರಲ್ಲಿ ನಮ್ಮ ಭಾರತಕ್ಕೆ ಬಂದು ಹಾಡಿದಳು. 1972ನೇ ಜನವರಿ 27ರಲ್ಲಿ, ಅರುವತ್ತು ವರುಷದವಳಾಗಿ ಕರ್ತನಲ್ಲಿ ನಿದ್ರೆಹೋದಳು.

ಪ್ರಿಯರೇ, ಈಕೆಗೆ ಧನವಿರಲಿಲ್ಲ, ವಿದ್ಯೆಯಿರಲಿಲ್ಲ, ಲೋಕದಲ್ಲಿ ಸ್ಥಾನವೂ ಇರಲಿಲ್ಲ. ಇದ್ದದ್ದು ಸ್ವರವೊಂದೇ, ಅದನ್ನು ಆಕೆ ಮಾರಲಿಲ್ಲ. ನಮ್ಮ ಕೈಯಲ್ಲಿರುವ ಚಿಕ್ಕ ವರವನ್ನು ನಾವು ಏನು ಮಾಡುತ್ತಿದ್ದೇವೆಂದು ಆಲೋಚಿಸೋಣ.