ಹ್ಯಾಂಡಲಿನ ಶಾಪ ಕಳೆದ ಕೆಟರಿಂಗ್

ಗುಂಡಿಯೊಂದನ್ನು ಒತ್ತಿ ಕಾರನ್ನು ಹೊರಡಿಸುವ ಇಂದಿನವರಿಗೆ, ಒಮ್ಮೆ ಆ ಕೆಲಸ ಎಷ್ಟು ಅಪಾಯದ್ದಾಗಿತ್ತೆಂಬುದು ತಿಳಿದಿರಲಾರದು. ವಾಹನದ ಮುಂದೆ ನಿಂತು, ಕಬ್ಬಿಣದ ಹ್ಯಾಂಡಲನ್ನು ಸಿಕ್ಕಿಸಿ, ಮೈಯ ಬಲವನ್ನೆಲ್ಲ ಹಾಕಿ ಎಂಜಿನ್ನನ್ನು ತಿರುಗಿಸಬೇಕಾಗಿತ್ತು. ಕಿಡಿ ಹೊತ್ತಿಗೆ ಮುಂಚೆ ಹಾರಿತೆಂದರೆ ಹ್ಯಾಂಡಲು ಹಿಂದಕ್ಕೆ ಒದೆಯುತ್ತಿತ್ತು. ಮಣಿಕಟ್ಟು, ದವಡೆಗಳು ಮುರಿಯುತ್ತಿದ್ದವು. ಸಿರಿವಂತರ ಕಾರುಗಳಿಗೂ ಈ ಶಾಪ ತಪ್ಪಿರಲಿಲ್ಲ. ಅದನ್ನು ಕಳೆದವನು ಚಾರ್ಲ್ಸ್ ಕೆಟರಿಂಗ್. ನಾನು ಕನ್ನಡದ ಅಧ್ಯಾಪಕ. ಯಂತ್ರವಿದ್ಯೆ ನನ್ನ ಕ್ಷೇತ್ರವಲ್ಲ. ಆದರೂ ಈತನ ಬಾಳು ನನ್ನನ್ನು ಸೆಳೆದಿದೆ. ಒಂದೇ ಕೈಯಿಂದ ವರವೂ ಕೇಡೂ ಹೊರಟ ಬಗೆ ಅದರಲ್ಲಿದೆ.

ಕೆಟರಿಂಗ್ 1876ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಲೌಡನ್‌ವಿಲ್ ಬಳಿ ರೈತ ಮನೆತನದಲ್ಲಿ ಜನಿಸಿದನು. ಕಣ್ಣಿನ ದೌರ್ಬಲ್ಯದಿಂದ ವ್ಯಾಸಂಗ ನಡುವೆಯೇ ನಿಂತಿತು. ಟೆಲಿಫೋನ್ ತಂತಿ ಎಳೆಯುವ ತಂಡದಲ್ಲಿ ದುಡಿದು, ಮರಳಿ ಓದಿ, 1904ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದನು. ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯನ್ನು ಸೇರಿ, ಅಂಗಡಿಯ ಲೆಕ್ಕದ ಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಅಳವಡಿಸಿದನು. ಕ್ಷಣಕಾಲಕ್ಕೆ ಮಾತ್ರವಾದರೆ ಚಿಕ್ಕ ಮೋಟಾರೂ ತನ್ನ ಅಳವಿಗೆ ಮೀರಿದ ಭಾರವನ್ನು ಎಳೆಯಬಲ್ಲದೆಂಬುದನ್ನು ಆತ ಅಲ್ಲಿ ಕಂಡುಕೊಂಡನು.

1909ರಲ್ಲಿ ಎಡ್ವರ್ಡ್ ಡೀಡ್ಸನೊಡನೆ ಡೆಲ್ಕೊ ಸಂಸ್ಥೆಯನ್ನು ಕಟ್ಟಿದನು. ಡೀಡ್ಸನ ಮನೆಯ ಕೊಟ್ಟಿಗೆಯೇ ಇವರ ಪ್ರಯೋಗಶಾಲೆ. ಹ್ಯಾಂಡಲಿನ ಪೀಡೆಯಿಂದ ಬೇಸತ್ತಿದ್ದ ಕ್ಯಾಡಿಲ್ಯಾಕ್ ಕಂಪನಿಯ ಹೆನ್ರಿ ಲೆಲ್ಯಾಂಡ್ ಇವರ ನೆರವನ್ನು ಬಯಸಿದನು. ಎಂಜಿನ್ನನ್ನು ತಿರುಗಿಸುವಷ್ಟು ಬಲವಾದ ಮೋಟಾರು ಕಾರಿಗೆ ಹೊರೆಯಾದೀತೆಂದು ಹಲವರು ತಿಳಿದಿದ್ದರು. ಕೆಟರಿಂಗನಾದರೋ ಹಳೆಯ ಅನುಭವವನ್ನೇ ನೆಚ್ಚಿದನು. ಹೊರಡುವಾಗ ಬ್ಯಾಟರಿಗಳು ಸಾಲುಗೂಡಿ 24 ವೋಲ್ಟ್ ಕೊಡುತ್ತಿದ್ದವು. ಮೋಟಾರು ಹಲ್ಲುಚಕ್ರದ ಮೂಲಕ ಫ್ಲೈವೀಲನ್ನು ತಿರುಗಿಸುತ್ತಿತ್ತು. ಎಂಜಿನ್ ಓಡತೊಡಗಿದೊಡನೆ ಅದೇ ಮೋಟಾರು ಡೈನಮೊ ಆಗಿ, 6 ವೋಲ್ಟ್‌ನಲ್ಲಿ ಬ್ಯಾಟರಿಗೆ ವಿದ್ಯುತ್ತನ್ನು ಹಿಂದಿರುಗಿಸುತ್ತಿತ್ತು. ದೀಪಗಳೂ ಕಿಡಿಯೂ ಅದೇ ಏರ್ಪಾಡಿನಲ್ಲಿ ಸೇರಿದ್ದವು. 1912ರ ಕ್ಯಾಡಿಲ್ಯಾಕ್ ಕಾರುಗಳು ಇದರೊಡನೆ ಬಂದವು. ತೋಳ್ಬಲವಿಲ್ಲದವರಿಗೂ ಕಾರು ಒಲಿಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಎಂಜಿನ್ನುಗಳೊಳಗಿನ ಬಡಿತಕ್ಕೆ ಕೆಟರಿಂಗನ ಕಿಡಿಯೇ ಕಾರಣವೆಂಬ ದೂರು ಹುಟ್ಟಿತು. ದೋಷವಿರುವುದು ಇಂಧನದಲ್ಲೆಂದು ತೋರಿಸಲು ಆತ ಹೊರಟನು. ಜನರಲ್ ಮೋಟಾರ್ಸ್ ಸಂಸ್ಥೆಯ ಸಂಶೋಧನಾ ವಿಭಾಗದ ಮುಖ್ಯಸ್ಥನಾಗಿದ್ದಾಗ, ಅವನ ಕೈಕೆಳಗಿನ ಥಾಮಸ್ ಮಿಜ್ಲಿ, ಸೀಸದ ಸಂಯುಕ್ತವೊಂದು ಈ ಬಡಿತವನ್ನು ಅಡಗಿಸುವುದೆಂದು 1921ರಲ್ಲಿ ಕಂಡನು. ಸೀಸ ವಿಷವೆಂಬುದು ಪ್ರಾಚೀನರಿಗೂ ತಿಳಿದ ಸಂಗತಿ. 1924ರಲ್ಲಿ ಅದನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಗಾರರು ಬುದ್ಧಿ ಕೆಟ್ಟು ಸತ್ತರು. ಆದರೂ ಮಾರಾಟ ಬೆಳೆಯಿತು. ಆ ವ್ಯಾಪಾರದ ಎಥಿಲ್ ಕಂಪನಿಗೆ ಕೆಟರಿಂಗನೇ ಮೊದಲ ಅಧ್ಯಕ್ಷ. ಭಾರತ ಸೀಸದ ಪೆಟ್ರೋಲನ್ನು ಬಿಟ್ಟದ್ದು 2000ದಲ್ಲಿ. ಕಾರುಗಳಿಗಾಗಿ ಅದರ ಮಾರಾಟ ಲೋಕದಲ್ಲೆಲ್ಲ ನಿಂತದ್ದು 2021ರಲ್ಲಿ. ಅಷ್ಟರಲ್ಲಿ ಎಷ್ಟು ತಲೆಮಾರಿನ ಮಕ್ಕಳ ರಕ್ತದಲ್ಲಿ ಸೀಸ ಸೇರಿಹೋಗಿತ್ತೋ!

1945ರಲ್ಲಿ ಆಲ್‌ಫ್ರೆಡ್ ಸ್ಲೋನ್‌ನೊಡನೆ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಹೆಸರಿತ್ತ ಕೆಟರಿಂಗ್ 1958ರಲ್ಲಿ ತೀರಿಕೊಂಡನು. ಆತ ದುಷ್ಟನಾಗಿರಲಿಲ್ಲ, ಎದುರಿಗೆ ಬಂದ ತೊಡಕನ್ನು ಬಿಡಿಸುವುದೇ ಅವನ ಧರ್ಮವಾಗಿತ್ತು. ಮುರಿದ ಕೈ ಎಲ್ಲರಿಗೂ ಕಾಣುತ್ತದೆ. ಗಾಳಿಯೊಳಗಿನ ಸೀಸ ಕಾಣುವುದಿಲ್ಲ. ಕಾಣದ ನೋವನ್ನೂ ಎಣಿಕೆಗೆ ತರುವುದೇ ವಿವೇಕವೆಂದು ನಾನು ತಿಳಿದಿದ್ದೇನೆ. ಆ ವಿವೇಕವೊಂದು ಅವನಿಗೆ ಕೂಡಿಬಂದಿದ್ದರೆ, ಈ ಬಾಳನ್ನು ಸಂಕೋಚವಿಲ್ಲದೆ ಹೊಗಳಬಹುದಾಗಿತ್ತು.